ದೊಡ್ಡವಳ ಅಳತೆ

"ಇದನ್ನ ವಾಪಸ್ ತಗೊಂಡು ಹೋಗಿ," ಎನ್ನುತ್ತ ಚಿಕ್ಕವಳು ಬಾಗಿಲಿಗೆ ಅಡ್ಡ ನಿಂತಳು.

ಶವಪೆಟ್ಟಿಗೆ ಹೊತ್ತು ಮೆಟ್ಟಿಲೇರಿ ಬಂದಿದ್ದ ಬಡಗಿ ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ ಇಟ್ಟುಕೊಂಡು ನಿಂತುಬಿಟ್ಟ. ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದಿತ್ತು. ಮುಚ್ಚಳದ ಅಂಚಿಗೆ ನೀಲಿ ಗೆರೆ, ಮೂಲೆಗಳಲ್ಲಿ ಒಂದೊಂದು ಪುಟ್ಟ ಹೂವು.

"ಯಾಕಮ್ಮ? ಫೋನಲ್ಲಿ ಉದ್ದ ಹೇಳಿದ್ದು ನೀವೇ ತಾನೇ? ನಾನು ಒಂದು ಬೆರಳೂ ಆಚೀಚೆ ಮಾಡಿಲ್ಲ."

"ಉದ್ದ ಸರಿಯಾಗೇ ಇದೆ."

"ಮತ್ತೆ?"

"ಇದು ಮಕ್ಕಳ ಪೆಟ್ಟಿಗೆ."

"ಅಲ್ಲಮ್ಮ, ಅಷ್ಟುದ್ದ ಅಂದ್ರೆ ಮಗುವಿಗೇ ಅಂತ..." ಎನ್ನುತ್ತ ಅವನು ಅವಳ ಭುಜದ ಮೇಲಿಂದ ಒಳಗೆ ಇಣುಕಿದ. ಕಿಟಕಿಯ ಪಕ್ಕದ ಮಂಚದ ಮೇಲೆ, ಗಲ್ಲದವರೆಗೆ ಹೊದಿಸಿದ್ದ ಹೊದಿಕೆಯಡಿ, ದೊಡ್ಡವಳು ಮಲಗಿದ್ದಳು. ಅವಳ ಉದ್ದ ಮಂಚದ ಮುಕ್ಕಾಲೂ ಇರಲಿಲ್ಲ. ಆದರೆ ದಿಂಬಿನ ಮೇಲೆ ಹರಡಿದ್ದ ಜಡೆ ನರೆತಿತ್ತು. ಹೊದಿಕೆಯ ಮೇಲಿಟ್ಟಿದ್ದ ಕೈಗಳ ತುಂಬ ಸುಕ್ಕು. ಬಡಗಿ ಪೆಟ್ಟಿಗೆಯನ್ನು ಕೆಳಗಿಳಿಸಿ ಟೋಪಿ ತೆಗೆದ.

ಒಳಗಿನಿಂದ ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಬಂದಳು. ಎಂಬತ್ತು ದಾಟಿದ ಅವಳಿಗೆ ಆ ಮನೆಯಲ್ಲಿ ಏನು ನಡೆದರೂ ಒಂದು ಮಾತು ಸೇರಿಸದೆ ಇರಲಾಗುತ್ತಿರಲಿಲ್ಲ.

"ಹೋಗ್ಲಿ ಬಿಡೇ. ಚೆನ್ನಾಗೇ ಇದೆಯಲ್ಲ, ಹೂವೆಲ್ಲಾ ಬರ್ದಿದ್ದಾನೆ. ಮಗು ಥರಾನೇ ಇದ್ಲಲ್ಲ ಪಾಪ."

"ಮಗು ಅಲ್ಲ ಚಿಕ್ಕಮ್ಮ. ಅರವತ್ತು ದಾಟಿದ ಹೆಂಗಸು. ನನಗಿಂತ ದೊಡ್ಡವಳು."

ಹುಡುಗಿಯರಿಬ್ಬರೇ ಇದ್ದ ಮನೆಯಲ್ಲಿ ಹಾಗೆ ಕರೆಯುವುದು ರೂಢಿಯಾಗಿತ್ತು: ಅಕ್ಕ ದೊಡ್ಡವಳು, ತಂಗಿ ಚಿಕ್ಕವಳು. ಚಿಕ್ಕವಳು ಬೆಳೆದು ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ನಡೆಯುವಷ್ಟು ಎತ್ತರವಾದಳು. ದೊಡ್ಡವಳು ಅವಳ ಮೊಣಕೈಯಿಂದ ಸ್ವಲ್ಪ ಮೇಲಕ್ಕೆ ನಿಂತುಹೋದಳು. ಹೊಸಬರು ಬಂದಾಗ "ಇವಳು ದೊಡ್ಡವಳು, ಇವಳು ಚಿಕ್ಕವಳು" ಎಂದರೆ ಅವರು ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡುತ್ತಿದ್ದರು. ಅದನ್ನು ಕಂಡು ಮೊದಲು ನಗುತ್ತಿದ್ದವಳು ದೊಡ್ಡವಳೇ.

ಬಡಗಿ ಕೆಟ್ಟವನಲ್ಲ. ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. "ದೊಡ್ಡವರ ಪೆಟ್ಟಿಗೆ ಒಂದು ಗಾಡಿಯಲ್ಲೇ ಇದೆ. ತೇಗದ್ದು, ಹಿತ್ತಾಳೆ ಹಿಡಿ. ಕಾಲಿನ ಕಡೆಯಿಂದ ಕೊಯ್ದು ಇವರ ಅಳತೆಗೆ ತಂದ್ಕೊಡ್ತೀನಿ. ಅಂಗಳದಲ್ಲೇ ಕೂತ್ಕೊಂಡು ಮಾಡ್ಲಾ?"

"ಮಾಡಿ," ಎಂದಳು ಚಿಕ್ಕವಳು. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

*

ಹುಟ್ಟಿದಾಗ ದೊಡ್ಡವಳನ್ನು ಹೊಗಳದವರೇ ಇರಲಿಲ್ಲ. ಎಂಥ ಸಾಧು ಮಗು! ಅಳುವುದಿಲ್ಲ, ರಚ್ಚೆ ಹಿಡಿಯುವುದಿಲ್ಲ, ಹಾಲಿಗೂ ಎಬ್ಬಿಸಬೇಕು. ಮಲಗಿಸಿದ ಕಡೆ ಮಲಗಿರುತ್ತದೆ. ಪಕ್ಕದ ಮನೆಯವರು ತಮ್ಮ ಗಲಾಟೆ ಮಕ್ಕಳಿಗೆ ಅವಳನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ತಾಯಿಗೆ ಮಾತ್ರ ಒಂದು ಅಳುಕು. ಮಗುವಿನ ಮೈ ಯಾವಾಗಲೂ ತಣ್ಣಗಿರುತ್ತಿತ್ತು. ಬೇಸಿಗೆಯಲ್ಲೂ ಅಂಗಾಲು ಕಲ್ಲಿನ ನೆಲದಂತೆ ತಣ್ಣಗೆ. ನಾಲಿಗೆ ದಪ್ಪವಾಗಿ ತುಟಿಯ ಹೊರಗೆ ಇಣುಕುತ್ತಿತ್ತು. ಹೊಕ್ಕುಳು ಉಬ್ಬಿತ್ತು. ಅಪರೂಪಕ್ಕೆ ಅತ್ತರೆ ಅದು ಮಗುವಿನ ಅಳುವಲ್ಲ, ಗಂಟಲು ಕಟ್ಟಿದ ಮುದುಕನ ಕೆಮ್ಮು.

ವರ್ಷವಾಯಿತು, ಕೂರಲಿಲ್ಲ. ಎರಡಾಯಿತು, ನಿಲ್ಲಲಿಲ್ಲ. ಹೊಗಳಿದವರೇ ಈಗ ಕಾರಣ ಹುಡುಕತೊಡಗಿದರು. ಬಸುರಿಯಾಗಿದ್ದಾಗ ತಾಯಿ ಮೆಟ್ಟಿಲಲ್ಲಿ ಜಾರಿದ್ದಳಲ್ಲ, ಅದೇ. ಹೆರಿಗೆಯಲ್ಲಿ ತಲೆಗೆ ಇಕ್ಕಳ ಹಾಕಿದ್ದರಲ್ಲ, ಅದೇ. ತಂದೆಯ ಕಡೆಯವರು ತಾಯಿಯ ಕಡೆಗೆ ಬೆರಳು ತೋರಿಸಿದರು. ತಾಯಿಯ ಕಡೆಯವರು ತಂದೆಯ ಸೋದರಮಾವನೊಬ್ಬನನ್ನು ನೆನಪಿಸಿಕೊಂಡರು. ತಾಯಿ ಯಾರ ಜೊತೆಗೂ ವಾದ ಮಾಡಲಿಲ್ಲ. ಮೆಟ್ಟಿಲಿಳಿಯುವಾಗಲೆಲ್ಲ ಆ ಒಂದು ಮೆಟ್ಟಿಲನ್ನು ದಾಟಿ ಕಾಲಿಡುತ್ತಿದ್ದಳು, ಅಷ್ಟೇ.

ಮೂರು ತುಂಬಿದ ಮೇಲೆ ನೆಗಡಿಯೆಂದು ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಅಲ್ಲಿ ಹೊಸದಾಗಿ ಬಂದಿದ್ದ ಮಕ್ಕಳ ಡಾಕ್ಟರೊಬ್ಬರಿದ್ದರು. ಇನ್ನೂ ಮೂವತ್ತರ ಹೆಣ್ಣುಮಗಳು. ನೆಗಡಿಯನ್ನು ಅವರು ನೋಡಲೇ ಇಲ್ಲ. ಮಗುವಿನ ಪಾದ ಹಿಡಿದು ಹಾಗೇ ಕೂತರು. ಆಮೇಲೆ ಹೊಕ್ಕುಳು ನೋಡಿದರು, ನಾಲಿಗೆ ನೋಡಿದರು, ಕತ್ತಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು.

"ಇದು ಬಿದ್ದಿದ್ದರಿಂದ ಬಂದಿದ್ದಲ್ಲ," ಎಂದರು. ತಾಯಿ ಮೆಟ್ಟಿಲಿನ ವಿಷಯ ಎತ್ತಿಯೇ ಇರಲಿಲ್ಲ. "ಇಕ್ಕಳದಿಂದಲೂ ಅಲ್ಲ. ಇಲ್ಲಿ, ಕತ್ತಲ್ಲಿ, ಒಂದು ಗ್ರಂಥಿ ಇದೆ, ಥೈರಾಯ್ಡ್ ಅಂತ. ಅದು ಒಂದು ರಸ ಮಾಡಬೇಕು. ಇವಳದ್ದು ಮಾಡ್ತಿಲ್ಲ. ಅದಿಲ್ಲದೆ ಮೈ ಬೆಚ್ಚಗಾಗಲ್ಲ, ಮೂಳೆ ಬೆಳೆಯಲ್ಲ, ಮೆದುಳೂ ಬೆಳೆಯಲ್ಲ. ಅದನ್ನ ಮಾತ್ರೆಯಲ್ಲಿ ಕೊಡಬಹುದು."

ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಚಿಕ್ಕಮ್ಮ ಇವತ್ತಿಗೂ ದನಿ ತಗ್ಗಿಸಿ ಹೇಳುತ್ತಾಳೆ. ಮೊದಲು ಅಂಗಾಲು ಬೆಚ್ಚಗಾಯಿತು. ತಾಯಿ ಮನೆಮಂದಿಯನ್ನೆಲ್ಲ ಕರೆದು ಒಬ್ಬೊಬ್ಬರಿಂದಲೂ ಮುಟ್ಟಿಸಿದಳು. ಆಮೇಲೆ ಮಗು ನಕ್ಕಿತು. ಒಂದು ಮಧ್ಯಾಹ್ನ, ಮೂರು ವರ್ಷ ಮಲಗಿದ್ದಲ್ಲೇ ಮಲಗಿದ್ದ ಮಗು ಕುರ್ಚಿಯ ಕಾಲು ಹಿಡಿದು ಎದ್ದು ನಿಂತಿತು. ತಂದೆ ಕೈಯಲ್ಲಿದ್ದ ಲೋಟವನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದ. ಮಗು ಕುರ್ಚಿ ಬಿಟ್ಟಿತು. ಓಲಾಡಿತು. ಬೀಳದೆ ಅವನ ಮೊಣಕಾಲಿಗೆ ಬಂದು ಅಪ್ಪಿಕೊಂಡಿತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತಾಯಿ ಕೇಳಿದಳು. "ಇದನ್ನ ಹುಟ್ಟಿದ ತಿಂಗಳಲ್ಲೇ ಕೊಟ್ಟಿದ್ರೆ?"

ಡಾಕ್ಟರು ಮೇಜಿನ ಮೇಲಿದ್ದ ಪೆನ್ನನ್ನು ಸರಿಸಿಟ್ಟರು. ಇನ್ನೊಮ್ಮೆ ಸರಿಸಿಟ್ಟರು. "ಎಲ್ಲರ ಹಾಗೇ ಇರ್ತಿದ್ಲು. ಈಗ ಮೈ ಸ್ವಲ್ಪ ಬೆಳೆಯುತ್ತೆ. ಮೆದುಳಿಗೆ ಮಾತ್ರ ಆ ಮೊದಲ ವರ್ಷಗಳು ಮತ್ತೆ ಸಿಗಲ್ಲ."

*

ಅಂಗಳದಿಂದ ಗರಗಸದ ಸದ್ದು ಒಂದೇ ಸಮನೆ ಬರುತ್ತಿತ್ತು. ಹಾಲ್‌ನಲ್ಲಿ ಕೂತವರು ಆ ಸದ್ದಿನ ಮೇಲೆ ಸ್ವಲ್ಪ ದನಿಯೇರಿಸಿ ಮಾತಾಡುತ್ತಿದ್ದರು.

"ಹೇಗಾಯ್ತು?" ಎಂದಳು ಎದುರು ಮನೆಯವಳು. ಆ ಬೀದಿಗೆ ಹೊಸಬಳು.

"ನಿನ್ನೆ ಬೆಳಿಗ್ಗೆ ನನ್ನ ಮಾತ್ರೆ ಬರಲಿಲ್ಲ," ಎಂದಳು ಚಿಕ್ಕವಳು. "ದಿನಾ ಎದ್ದ ತಕ್ಷಣ ತನ್ನ ಮಾತ್ರೆ ತಗೊಂಡು, ನನ್ನದನ್ನ ಅಂಗೈಲಿಟ್ಕೊಂಡು, ಇನ್ನೊಂದು ಕೈಲಿ ನೀರು ಹಿಡ್ಕೊಂಡು ಬರೋಳು. ನಾನು ನುಂಗೋವರೆಗೂ ಹೋಗ್ತಿರಲಿಲ್ಲ, ಬಾಯಿ ಬೇರೆ ತೆಗೆದು ತೋರಿಸ್ಬೇಕು. ನಿನ್ನೆ ಬರಲಿಲ್ಲ. ಹೋಗಿ ನೋಡಿದ್ರೆ ನಿದ್ದೆಯಲ್ಲೇ..."

"ಪುಣ್ಯವಂತೆ." ಎದುರು ಮನೆಯವಳು ತಡೆಯಲಾರದೆ ಕೇಳಿದಳು. "ಅವರಿಗೆ ಎಷ್ಟು ವರ್ಷದ ಬುದ್ಧಿ ಇತ್ತು ಅಂತಾರೆ?"

ಚಿಕ್ಕವಳಿಗೆ ಸಿಟ್ಟು ಬರಲಿಲ್ಲ. ಆ ಪ್ರಶ್ನೆಯನ್ನು ಜೀವಮಾನವಿಡೀ ಕೇಳಿಸಿಕೊಂಡಿದ್ದಳು. "ಯಾರು ಅಳೆದರು ಅನ್ನೋದರ ಮೇಲೆ," ಎಂದಳು.

"ಆ ಮೂಗಿನ ಕತೆ ಹೇಳೇ," ಎಂದಳು ಚಿಕ್ಕಮ್ಮ.

"ಅಕ್ಕ ಸಣ್ಣೋಳಿದ್ದಾಗ ಒಬ್ಬರು ಗಡಿಯಾರ ಮುಂದಿಟ್ಕೊಂಡು ಪರೀಕ್ಷೆ ಮಾಡಿದ್ರು. ಮುಖದ ಒಂದು ಚಿತ್ರ. ಅದರಲ್ಲಿ ಮೂಗು ಇಲ್ಲ. ಏನು ಇಲ್ಲ ಹೇಳು ಅಂದ್ರು. ಇವಳು ಚಿತ್ರ ನೋಡಿ, ಗಾಬರಿಯಾಗಿ, ಎದ್ದು ಹೋಗಿ ಆ ಸಾಹೇಬರ ಮೂಗು ಹಿಡ್ಕೊಂಡು ನೋಡಿದ್ಲಂತೆ, ಅವರದ್ದು ಇದೆಯೋ ಇಲ್ವೋ ಅಂತ."

ಯಾರೋ ನಕ್ಕು, ನಕ್ಕದ್ದಕ್ಕೆ ಬಾಯಿ ಮುಚ್ಚಿಕೊಂಡರು.

"ಅದಕ್ಕೆ ಮಾರ್ಕ್ಸ್ ಇಲ್ಲ. ಬುದ್ಧಿಮಾಂದ್ಯ, ತೀವ್ರ ಅಂದ್ರು. ಅಲ್ಪ, ಮಧ್ಯಮ, ತೀವ್ರ, ಅತಿ ತೀವ್ರ, ಹಾಗೆ ನಾಲ್ಕು ದರ್ಜೆ."

"ರೇಡಿಯೋದಲ್ಲಿ ಮಳೆ ಹೇಳಿದ ಹಾಗೆ," ಎಂದಳು ಚಿಕ್ಕಮ್ಮ.

"ಬೆಳೆದ ಮೇಲೆ ಇನ್ನೊಬ್ಬರು ಮಧ್ಯಮ ಅಂದ್ರು. ಆಮೇಲೆ ಅಳೆಯೋ ರೀತಿನೇ ಬದಲಾಯ್ತು. ಒಬ್ಬರು ಮೇಡಂ ಮನೆಗೇ ಬಂದು ಒಂದಿಡೀ ದಿನ ಇವಳ ಹಿಂದೆ ತಿರುಗಿದ್ರು. ಹಾಲು ಕಾಯಿಸ್ತಾಳಾ, ರಸ್ತೆ ದಾಟ್ತಾಳಾ, ಅಂಗಡಿಯಿಂದ ಸೋಪು ತರ್ತಾಳಾ, ಬೇಜಾರಾದ್ರೆ ಯಾರಿಗಾದ್ರೂ ಹೇಳ್ತಾಳಾ. ಕೊನೆಗೆ ಅಲ್ಪ ಅಂದ್ರು. ನಮ್ಮಪ್ಪ ಅವತ್ತು ಆಫೀಸಲ್ಲೆಲ್ಲಾ ಸಿಹಿ ಹಂಚಿದ್ರು. ಜೀವಮಾನ ದುಡಿದ ನನಗೆ ಒಂದೇ ಬಡ್ತಿ, ನನ್ನ ಮಗಳಿಗೆ ಎರಡು ಅಂತ."

ಮೂಲೆಯಲ್ಲಿ ಕೂತಿದ್ದ ಈಜು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ನಗರದ ಈಜುಕೊಳದಲ್ಲಿ ದೊಡ್ಡವಳು ಟವೆಲ್ ಕೊಡುವ ಕೆಲಸ ಮಾಡುತ್ತಿದ್ದಳು. ಅವರ ಅರ್ಧ ನೌಕರಿ ಅವಳ ಎದುರಿಗೇ ಕಳೆದಿತ್ತು.

"ಮೇಯರ್ ಒಂದ್ಸಲ ಬಂದಿದ್ರು," ಎಂದರು. "ಹೊಸ ಕಟ್ಟಡ ಉದ್ಘಾಟನೆ. ಉತ್ಸಾಹದಲ್ಲಿ ಒಂದು ಮುಳುಗು ಹಾಕಿ ಎದ್ದು, ಹಾಗೇ ಭಾಷಣಕ್ಕೆ ಹೊರಟ್ರು. ನಿಮ್ಮಕ್ಕ ಕೌಂಟರ್ ಬಿಟ್ಟು ಬಂದು ದಾರಿಗೆ ಅಡ್ಡ ನಿಂತ್ರು. ತಲೆ ಒರೆಸ್ಕೋ, ಶೀತ ಆಗುತ್ತೆ ಅಂದ್ರು. ಮೇಯರ್‌ಗೆ! ಏಕವಚನ! ನಮಗೆಲ್ಲಾ ಜೀವ ಬಾಯಿಗೆ ಬಂತು. ಮೇಯರ್ ಆ ಕಡೆ ಈ ಕಡೆ ನೋಡಿದ್ರು. ಆಮೇಲೆ ಬಗ್ಗಿದ್ರು, ನೋಡಿ, ಮಗುವಿನ ಹಾಗೆ ತಲೆ ಕೊಟ್ಟು. ಇವರು ಕಿವಿ ಹಿಂದೆ ಎಲ್ಲಾ ಒರೆಸಿ ಕಳಿಸಿದ್ರು." ಮೇಷ್ಟ್ರು ತಮ್ಮ ದೊಡ್ಡ ಅಂಗೈಗಳನ್ನು ನೋಡಿಕೊಂಡರು. "ನಾನು ಸಾವಿರಾರು ಜನಕ್ಕೆ ಈಜು ಕಲಿಸಿದ್ದೀನಿ. ಹಾಗೆ ಒಬ್ಬ ಮನುಷ್ಯನನ್ನ ಬಗ್ಗಿಸೋದು ನನ್ನಿಂದ ಆಗಿಲ್ಲ."

ಗರಗಸ ನಿಂತಿತು. ಈಗ ಉಜ್ಜುಕಾಗದದ ಮೆಲುದನಿ ಬರುತ್ತಿತ್ತು.

*

ತಾಯಿ ಎರಡನೆಯ ಸಲ ಬಸುರಿಯಾದಾಗ ಬೇಡ ಎಂದವರಲ್ಲಿ ಚಿಕ್ಕಮ್ಮನೂ ಒಬ್ಬಳು. ಇನ್ನೊಂದೂ ಹೀಗೇ ಆದರೆ? ತಾಯಿ ಆ ಪ್ರಶ್ನೆಯನ್ನು ಹಾಗೇ ಎತ್ತಿಕೊಂಡು ಹೋಗಿ ಡಾಕ್ಟರ ಮುಂದಿಟ್ಟಳು.

"ಆಗಬಹುದು," ಎಂದರು ಡಾಕ್ಟರು. "ನಾಲ್ಕರಲ್ಲಿ ಒಂದು ಪಾಲು. ನೀವಿಬ್ಬರೂ ಚೆನ್ನಾಗಿದ್ರೂ ಮಗುವಿಗೆ ಬರಬಹುದು. ಆದ್ರೆ ಈ ಸಲ ನಮಗೆ ಗೊತ್ತಿದೆ."

"ಗೊತ್ತಿದ್ರೆ ಏನಾಗುತ್ತೆ?"

"ಗೊತ್ತಿದ್ರೆ ಎಲ್ಲಾ ಆಗುತ್ತೆ."

ಚಿಕ್ಕವಳು ಹುಟ್ಟಿದ ಕೆಲವೇ ದಿನಗಳಲ್ಲಿ ಅವಳ ರಕ್ತ ರೈಲು ಹತ್ತಿ ದೂರದ ದೊಡ್ಡ ಆಸ್ಪತ್ರೆಗೆ ಹೋಯಿತು. ಉತ್ತರಕ್ಕೆ ಕಾಯದೆ ಡಾಕ್ಟರು ತಾವೇ ಮನೆಗೆ ಬಂದರು. ಎರಡು ಚಮಚಗಳ ನಡುವೆ ಮಾತ್ರೆಯ ಚೂರನ್ನು ಪುಡಿ ಮಾಡಿ, ತಾಯಿಯ ಹಾಲಿನ ನಾಲ್ಕು ಹನಿಯಲ್ಲಿ ಕಲಸಿ, ಮಗುವಿನ ಕೆನ್ನೆಯ ಒಳಗಿಟ್ಟರು. ಉತ್ತರ ಬಂತು. ಅಕ್ಕನದೇ ದೋಷ, ಕೂದಲೆಳೆಯಷ್ಟೂ ಬದಲಿಲ್ಲ.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಮಗು ಅಳಲು ಶುರುಮಾಡಿತು. ಅಂತಿಂಥ ಅಳುವಲ್ಲ; ಬೀದಿಗೆ ಬೀದಿಯೇ ಕಿಟಕಿ ತೆಗೆಯುವ ಅಳು. ಏನಾಯಿತೋ ಎಂದು ಓಡಿಬಂದ ಅಕ್ಕಪಕ್ಕದವರಿಗೆ ಕಂಡದ್ದು ನೆಲದ ಮೇಲೆ ಕೂತು, ಕೆಂಪೇರಿ ಕಿರುಚುತ್ತಿದ್ದ ಮಗುವನ್ನು ಎರಡು ಕೈಯಲ್ಲೂ ಎತ್ತಿ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ ನಗುತ್ತಿದ್ದ ತಾಯಿ. "ಅಳ್ತಿದ್ದಾಳೆ! ಕೇಳಿ! ಕೇಳ್ರೀ, ಎಷ್ಟು ಜೋರಾಗಿ ಅಳ್ತಿದ್ದಾಳೆ!"

ಸ್ಟೂಲಿನ ಮೇಲೆ ನಿಂತು ದೊಡ್ಡವಳು ಎಲ್ಲ ನೋಡುತ್ತಿದ್ದಳು. ಚಮಚದ ಕೆಲಸವನ್ನು ಅವಳಿಗೆ ಯಾರೂ ಒಪ್ಪಿಸಲಿಲ್ಲ, ಅವಳೇ ತೆಗೆದುಕೊಂಡಳು. ಮೊದಲು ತಾಯಿಯ ಕೈಗೆ ಚಮಚ ಕೊಡುವುದು, ಆಮೇಲೆ ನೀರು ತರುವುದು, ಆಮೇಲೆ ಮಾತ್ರೆ.

ಶೂ ದಾರ ಕಟ್ಟುವುದನ್ನು ಕಲಿಯಲು ದೊಡ್ಡವಳಿಗೆ ಎರಡು ಚಳಿಗಾಲ ಹಿಡಿಯಿತು. ದಿನವೂ ಮೆಟ್ಟಿಲ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು, ಒಂದು ಕುಣಿಕೆ, ಇನ್ನೊಂದು ಕುಣಿಕೆ, ಬಿಚ್ಚಿಹೋಯಿತು, ಮತ್ತೆ. ಕಟ್ಟಲು ಬಂದ ದಿನ ಅವಳು ಶೂ ಬಿಚ್ಚದೆ ಮಲಗಿದಳು. ಆ ವಿದ್ಯೆಯನ್ನು ತಂಗಿಗೆ ಕಲಿಸಲು ಕೂತಾಗ ತಂಗಿ ಇನ್ನೂ ಶಾಲೆಗೆ ಸೇರಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕೂತರು. ಬಿಸಿಲು ಮೆಟ್ಟಿಲು ಬಿಡುವ ಮೊದಲೇ ಚಿಕ್ಕವಳಿಗೆ ಬಂದುಬಿಟ್ಟಿತ್ತು.

ಅಡಿಗೆಮನೆಯ ಕಿಟಕಿಯಿಂದ ತಾಯಿ ನೋಡುತ್ತಿದ್ದಳು. ಇವತ್ತು ಹಿಂದೆ ಬಿದ್ದವಳಿಗೆ ತಾನು ಹಿಂದೆ ಬಿದ್ದದ್ದು ಗೊತ್ತಾಗುತ್ತದೆ ಎಂದು ಅವಳಿಗೆ ಅನ್ನಿಸಿತ್ತು. ದೊಡ್ಡವಳು ತಂಗಿಯ ಶೂಗಳನ್ನು ನೋಡಿದಳು. ತನ್ನವನ್ನು ನೋಡಿದಳು. ಆಮೇಲೆ ತಂಗಿಯ ಕೈ ಹಿಡಿದು ದರದರ ಎಳೆದುಕೊಂಡು ಬೀದಿಗಿಳಿದಳು. ಒಂದೊಂದೇ ಮನೆಯ ಬಾಗಿಲು ಬಡಿದು, ಒಡಕು ದನಿಯಲ್ಲಿ, "ನೋಡಿ! ನಾನು ಕಲಿಸ್ದೆ! ಒಂದೇ ದಿನದಲ್ಲಿ ಕಲಿಸ್ದೆ! ನಾನು!"

ಓದು ಬಂದಾಗಲೂ ಹಾಗೇ, ಸೈಕಲ್ ಬಂದಾಗಲೂ ಹಾಗೇ. ಚಿಕ್ಕವಳು ಎತ್ತರದಲ್ಲಿ ಅವಳನ್ನು ದಾಟಿದ ದಿನ ದೊಡ್ಡವಳು ಗೋಡೆಯ ಪಕ್ಕ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಅಪ್ಪನಿಂದ ಗೆರೆ ಹಾಕಿಸಿ, ತಂಗಿಯ ಗೆರೆಯನ್ನು ಮುಟ್ಟಿ ಮುಟ್ಟಿ ಚಪ್ಪಾಳೆ ತಟ್ಟಿದ್ದಳು.

ಚಿಕ್ಕವಳು ಮುಂದೆ ಕನ್ನಡಕದ ಗಾಜು ಉಜ್ಜುವ ಕೆಲಸ ಕಲಿತಳು. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸಕ್ಕೆ ಒಬ್ಬನ ಲೋಕವೇ ಮಸುಕಾಗುವುದನ್ನೂ ತಿಳಿಯಾಗುವುದನ್ನೂ ದಿನವೂ ನೋಡಿದಳು. ಆದರೂ ಬೆಳಿಗ್ಗೆ ಅಕ್ಕನ ಅಂಗೈಯಲ್ಲಿನ ಮಾತ್ರೆ ಕಂಡಾಗ ಒಮ್ಮೊಮ್ಮೆ ಅವಳು ಅದನ್ನೇ ನೋಡುತ್ತ ನಿಂತುಬಿಡುತ್ತಿದ್ದಳು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಈ ಕಡೆ ಅವಳು, ಆ ಕಡೆ ತಾನು, ನಡುವೆ ಇಷ್ಟೇ ಇಷ್ಟು. ಬೇಗ ಬಂದವಳಿಗೆ ತಡವಾಗಿ ಸಿಕ್ಕಿತು. ತಡವಾಗಿ ಬಂದವಳಿಗೆ ಬೇಗ.

*

ಪೆಟ್ಟಿಗೆ ಒಳಗೆ ಬಂದು, ದೊಡ್ಡವಳನ್ನು ಅದರಲ್ಲಿ ಮಲಗಿಸಿದಾಗ, ಎಲ್ಲವೂ ಸರಿಯಾಗಿತ್ತು. ತೇಗದ ಹಲಗೆ, ಹಿತ್ತಾಳೆಯ ಹಿಡಿ, ಹೆಂಗಸೊಬ್ಬಳಿಗೆ ಸಲ್ಲುವ ಗಾಂಭೀರ್ಯ. ಬಡಗಿ ಮೂಲೆಯಲ್ಲಿ ನಿಂತು ಒಮ್ಮೆ ನೋಡಿ ಹೊರಗೆ ಹೋದ.

ಆಗಲೇ ಹೊರಗೆ ಕಾರಿನ ಬಾಗಿಲು ಬಡಿಯಿತು. ಎತ್ತರದ ಆಳೊಬ್ಬ ಒಬ್ಬ ಮುದುಕಿಯನ್ನು ತೋಳು ಹಿಡಿದು ಕರೆತಂದ. ಬಾಗಿದ ಬೆನ್ನು, ಊರುಗೋಲು. ಚಿಕ್ಕವಳು ಎದ್ದು ಓಡಿದಳು.

"ಡಾಕ್ಟ್ರಮ್ಮ! ನೀವ್ಯಾಕೆ ಬರಕ್ಕೆ ಹೋದ್ರಿ, ಈ ವಯಸ್ಸಲ್ಲಿ?"

"ಅವಳು ನನ್ನ ನಿವೃತ್ತಿ ದಿನ ಬಂದಿದ್ಲಲ್ಲ. ನಾನು ಬರಬಾರದಾ?"

ಡಾಕ್ಟರು ಪೆಟ್ಟಿಗೆಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ಆಮೇಲೆ ಹೊದಿಕೆಯ ತುದಿ ಎತ್ತಿ ದೊಡ್ಡವಳ ಪಾದವನ್ನು ಕೈಯಲ್ಲಿ ಹಿಡಿದರು. ಅದು ತಣ್ಣಗಿತ್ತು. ಅವರು ಹಿಡಿದೇ ಇದ್ದರು.

"ಇವಳಾದ ಮೇಲೆ," ಎಂದರು, ಯಾರನ್ನೂ ನೋಡದೆ, "ನನಗೆ ಯಾವ ಕೂಸಿನ ಪಾದಾನೂ ಸುಮ್ನೆ ನೋಡಕ್ಕಾಗಲಿಲ್ಲ. ಒಂದು ಹನಿ ರಕ್ತದಲ್ಲೇ ಇದನ್ನ ನೋಡೋ ದಾರಿ ಬಂದ ಮೇಲೆ, ನನ್ನ ವಾರ್ಡಲ್ಲಿ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿ ಚುಚ್ಚಿ ಒಂದು ಹನಿ ತೆಗೆದೆ. ಜೊತೆಯವರು ನಕ್ರು. ಎಷ್ಟೋ ಸಾವಿರಕ್ಕೆ ಒಂದು ಸಿಗೋದಕ್ಕೆ ಇಷ್ಟು ಮಕ್ಕಳನ್ನ ಅಳಿಸ್ತೀರಾ ಅಂತ. ಅಳ್ಲಿ ಅಂದೆ."

"ನೋಡಿದ್ಯಾ?" ಚಿಕ್ಕಮ್ಮ ಕಣ್ಣೊರೆಸಿಕೊಂಡಳು. "ಎಷ್ಟು ಮಕ್ಕಳಿಗೋಸ್ಕರ ಹುಟ್ಟಿ ಬಂದ್ಲು ನಮ್ಮ ದೊಡ್ಡವಳು. ದೇವರಂಥೋಳು."

"ಇಲ್ಲ ಚಿಕ್ಕಮ್ಮ." ಚಿಕ್ಕವಳು ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟಳು. "ಹಾಗನ್ಬೇಡ. ಬೆಳಿಗ್ಗೆಯಿಂದ ಒಬ್ಬರಿಗೆ ಮಗು, ಒಬ್ಬರಿಗೆ ಪಾಪ, ಈಗ ದೇವರು. ಅವಳು ಯಾರಿಗೋಸ್ಕರಾನೂ ಹುಟ್ಟಿದ್ದಲ್ಲ. ನನಗೋಸ್ಕರಾನೂ ಅಲ್ಲ. ಅವಳಿಗೆ ಆಗಿದ್ದು ಆಯ್ತು. ಆಮೇಲೆ ಅವಳು ಮಾಡಿದ್ದು ಇದೆಯಲ್ಲ, ಅದು ಮಾತ್ರ ಅವಳದ್ದು."

ಡಾಕ್ಟರು ಮೆಲ್ಲಗೆ ತಲೆಯಾಡಿಸಿದರು.

"ಸರಿ ಹೇಳಿದೆ. ನಾನು ಹೇಳಿದ್ದು ನಾನು ಮಾಡಿದ್ದು. ಅದರ ಲೆಕ್ಕ ಅವಳ ತಲೆಗೆ ಕಟ್ಟಬಾರದು." ಅವರು ಪಾದದ ಮೇಲೆ ಹೊದಿಕೆ ಎಳೆದರು. "ನಾನು ಅರವತ್ತು ವರ್ಷ ಇದನ್ನೇ ಓದಿದೆ. ಮೆದುಳಿಗೆ ಏನು ಸಿಗದಿದ್ರೆ ಏನು ಹೋಗುತ್ತೆ ಅಂತ ಹೇಳ್ತೀನಿ. ತಂಗಿ ತನ್ನನ್ನ ದಾಟಿ ಹೋದಾಗ ಚಪ್ಪಾಳೆ ತಟ್ಟೋದು ಎಲ್ಲಿಂದ ಬಂತು? ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾವ ಪುಸ್ತಕದಲ್ಲೂ ಇಲ್ಲ."

ಹೊರಡುವ ಹೊತ್ತಾಯಿತು. ಪೆಟ್ಟಿಗೆಗೆ ನಾಲ್ಕು ಹಿಡಿ. ಹಿಂದಿನ ಎರಡಕ್ಕೆ, ಬೆಳಿಗ್ಗೆಯಿಂದ ಹೊರಗಿನ ಓಡಾಟ ನೋಡಿಕೊಂಡಿದ್ದ ಚಿಕ್ಕವಳ ಗಂಡ ಮತ್ತು ಈಜು ಮೇಷ್ಟ್ರು ನಿಂತರು. ಮುಂದೆ ಒಂದು ಕಡೆ ಚಿಕ್ಕವಳು. ಇನ್ನೊಂದು ಕಡೆಗೆ ಯಾರು ಎಂದು ನೋಡುವಾಗ ಡಾಕ್ಟರನ್ನು ಕರೆತಂದಿದ್ದ ಆಳು ಮುಂದೆ ಬಂದ.

"ನಾನು ಹಿಡೀಲಾ?"

"ನೀವು ಡಾಕ್ಟ್ರಮ್ಮನ ಡ್ರೈವರ್ ಅಲ್ವಾ? ಅವರನ್ನ ಯಾರು..."

"ಡ್ರೈವರೇ, ಆದ್ರೆ ಅವರ ಡ್ರೈವರ್ ಅಲ್ಲ. ಬಸ್ ಓಡಿಸ್ತೀನಿ. ಇವತ್ತು ರಜಾ ಹಾಕಿದೆ."

"ಇವನೂ ಒಬ್ಬ," ಎಂದರು ಡಾಕ್ಟರು ಕುರ್ಚಿಯಿಂದ ಏಳುತ್ತ. "ಹಿಮ್ಮಡಿ ಹನಿಯಲ್ಲಿ ಮೊದಲು ಸಿಕ್ಕವನು."

ಚಿಕ್ಕವಳು ಅವನನ್ನು ನೋಡಿದಳು. ಅವಳಷ್ಟೇ ಎತ್ತರ. ಅಗಲ ಹೆಗಲು, ಇಸ್ತ್ರಿ ಹಾಕಿದ ಅಂಗಿ, ಅಂಗಿಯ ಜೇಬಿನಲ್ಲಿ ಬಾಚಣಿಗೆ. ಅವನು ಬಗ್ಗಿ ಹಿಡಿಗೆ ಕೈಹಾಕಿದ. ಅವಳೂ ಬಗ್ಗಿದಳು. ಪೆಟ್ಟಿಗೆ ಮೇಲೆದ್ದಿತು.

ಸ್ಮಶಾನ ಬೀದಿಯ ಕೊನೆಗೇ ಇತ್ತು. ಮೊದಲು ಹೆಜ್ಜೆಗಳ ಸದ್ದು ಮಾತ್ರ. ಮೂಲೆ ತಿರುಗುವಾಗ ಬಸ್ಸಿನವನು ತಡೆಯಲಾರದೆ ಬಾಯಿಬಿಟ್ಟ.

"ನಿಧಾನ, ಇಲ್ಲಿ ಗುಂಡಿ ಇದೆ. ಈ ರಸ್ತೆ ನನಗೆ ಚೆನ್ನಾಗಿ ಗೊತ್ತು, ಹಳೇ ರೂಟು. ಆ ಮರ ಇದೆಯಲ್ಲಾ, ಅದರ ಕೊಂಬೆ ಬಸ್ಸಿನ ಟಾಪಿಗೆ ತಾಗ್ತಿತ್ತು, ಎಷ್ಟು ಸಲ ಬರ್ಕೊಟ್ರೂ ಕಡೀಲಿಲ್ಲ. ಈಗ ನೋಡಿ, ಅದರ ತುಂಬಾ ಗೂಡು. ನನ್ನ ಮಗಳು ಅದನ್ನ ನೋಡಕ್ಕೇ ಅಂತ ಬಸ್ ಹತ್ತೋಳು. ಮಹಾ ವಾಚಾಳಿ ಅವಳು. ಯಾರ ಥರ ಅಂತ ಕೇಳ್ಬೇಡಿ, ನನ್ನ ಹೆಂಡತಿ ನನ್ನ ಕಡೆ ಕೈ ತೋರಿಸ್ತಾಳೆ. ಶಾಲೆಯಲ್ಲಿ ಟೀಚರ್ ದಿನಾ ದೂರು..."

ಹಿಂದಿನಿಂದ ಮೇಷ್ಟ್ರು ಶ್ ಎನ್ನಲು ಹೊರಟರು. ಚಿಕ್ಕವಳು ತಿರುಗಿ ನೋಡಿ ಬೇಡವೆಂದು ತಲೆಯಾಡಿಸಿದಳು.

ಅವನು ಮಾತಾಡುತ್ತಲೇ ಇದ್ದ. ಮಗಳ ಪರೀಕ್ಷೆ, ಹೊಸ ಬಸ್ಸಿನ ಗೇರು, ಹೆಂಡತಿಯ ತಮ್ಮನ ಮದುವೆ, ಒಂದರ ಬಾಲ ಹಿಡಿದು ಇನ್ನೊಂದು. ಬಿಸಿಲಲ್ಲಿ ತೇಗದ ಪೆಟ್ಟಿಗೆ ಅವರಿಬ್ಬರ ನಡುವೆ ಒಂದೇ ಮಟ್ಟದಲ್ಲಿ ತೇಲುತ್ತ ಹೋಗುತ್ತಿತ್ತು. ಎಲ್ಲರಿಗಿಂತ ಹಿಂದೆ, ಬಡಗಿಯ ತೋಳು ಹಿಡಿದು ಬರುತ್ತಿದ್ದ ಡಾಕ್ಟರು ಊರುಗೋಲು ಎತ್ತಿ ಹಿಡಿದುಕೊಂಡಿದ್ದರು, ಅದರ ಸದ್ದಿಗೆ ಮುಂದಿನವನ ಒಂದು ಮಾತೂ ತಪ್ಪಬಾರದೆಂದು.